ಹುಡಿ ಮಾಡುವುದು ಸುಲಭ, ಹುಡಿಯಾಗಿಯೇ ಇಡುವುದು ಕಷ್ಟ

ಓದುಗರ ಪ್ರಶ್ನೆ, ಕೆಮಿಸ್ಟರ ಉತ್ತರ
ಉತ್ತರಿಸುವವರು ಬೈಕಂಪಾಡಿಯ ಪೇಂಟ್ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಈಗ ಕಟಪಾಡಿಯಲ್ಲಿ ವಾಸ.

ಕಳೆದ ಸಂಚಿಕೆಯಲ್ಲಿ ನ್ಯಾನೋ ಕಣಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಂಚೆಯಲ್ಲೂ ವಾಟ್ಸಾಪ್‌ನಲ್ಲೂ ಪ್ರಶ್ನೆಗಳು ಬಂದಿವೆ. ಎಲ್ಲದಕ್ಕೂ ಜಾಗ ಇಲ್ಲ, ಕೆಲವನ್ನು ಆರಿಸಿಕೊಂಡಿದ್ದೇನೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರಾನ್. ಆ ಮೈಕ್ರಾನನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ನ್ಯಾನೋಮೀಟರ್. ಇಷ್ಟು ನೆನಪಿದ್ದರೆ ಮುಂದಿನದ್ದು ಓದಲು ಸಾಕು.

ಪ್ರಶ್ನೆ: ಸರ್, ನಮ್ಮದು ಬಿ.ಎಸ್ಸಿ. ಕೊನೆ ವರ್ಷದ ಪ್ರಾಜೆಕ್ಟ್. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಪೇರಳೆ ಎಲೆಯ ಕಷಾಯ ಹಾಕಿ ಬೆಳ್ಳಿಯ ನ್ಯಾನೋ ಕಣ ಮಾಡಿದೆವು. ಚಂದದ ಜೇನು ಬಣ್ಣ ಬಂತು. ವಾರ ಕಳೆದು ನೋಡಿದರೆ ನೀರು ಮಬ್ಬು ಬೂದು, ಬಾಟಲಿಯ ತಳದಲ್ಲಿ ಕಪ್ಪು ಗಸಿ. ಎಲ್ಲಿ ತಪ್ಪಿದೆವು?
– ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಕಣ ಮಾಡುವುದರಲ್ಲಿ ನೀವು ಎಲ್ಲೂ ತಪ್ಪಿಲ್ಲ. ಜೇನು ಬಣ್ಣ ಬಂತು ಅಂದರೆ ಕಣ ಹುಟ್ಟಿತ್ತು ಅಂತಲೇ ಅರ್ಥ. ಆಮೇಲೆ ಅವು ಒಂದಕ್ಕೊಂದು ಅಂಟಿಕೊಂಡವು. ಅದನ್ನು ತಡೆಯುವ ಏರ್ಪಾಡು ಸಾಕಾಗಲಿಲ್ಲ, ಅಷ್ಟೇ.

ಕಣಗಳು ಯಾಕೆ ಅಂಟುತ್ತವೆ ಅಂತ ಒಂದು ಲೆಕ್ಕ ಮಾಡಿ ನೋಡಿ. ಒಂದು ಸೆಂಟಿಮೀಟರಿನ ಬೆಳ್ಳಿಯ ಗಟ್ಟಿ ಇದೆ ಅಂದುಕೊಳ್ಳಿ. ಅದರ ಆರೂ ಮುಖ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಗಟ್ಟಿಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 15 ಸೆಂಟ್ಸ್ ಜಾಗ. ಮೈ ಜಾಸ್ತಿಯಾದಷ್ಟೂ ಅದನ್ನು ಕಡಿಮೆ ಮಾಡಿಕೊಳ್ಳುವ ತವಕವೂ ಜಾಸ್ತಿ. ಅದಕ್ಕೆ ಕಣಗಳ ಮುಂದೆ ಎರಡು ದಾರಿ. ಒಂದಕ್ಕೊಂದು ಅಂಟಿ ಗಂಟಾಗುವುದು ಒಂದು. ಸಣ್ಣ ಕಣ ಸ್ವಲ್ಪ ಸ್ವಲ್ಪವೇ ಕರಗಿ, ಆ ಲೋಹ ಹೋಗಿ ದೊಡ್ಡ ಕಣದ ಮೇಲೆ ಕೂರುವುದು ಇನ್ನೊಂದು. ಎರಡನೆಯದಕ್ಕೆ ಆಸ್ಟ್‌ವಾಲ್ಡ್ ರೈಪನಿಂಗ್ ಅಂತ ಹೆಸರು. ಫ್ರೀಜರಿನಲ್ಲಿ ಹಳತಾದ ಐಸ್‌ಕ್ರೀಮ್‌ನಲ್ಲಿ ಮಂಜಿನ ಹರಳು ದೊಡ್ಡದಾಗಿ ಹಲ್ಲಿಗೆ ಸಿಗುವುದು ಇದರಿಂದಲೇ. ಬೆಳ್ಳಿಗೆ ಗಾಳಿಯ ಆಮ್ಲಜನಕ ತಾಗಿ ಮೇಲ್ಮೈ ನಿಧಾನಕ್ಕೆ ಕರಗುತ್ತಾ ಇರುತ್ತದೆ. ಹಾಗಾಗಿ ಈ ಕಾಟ ಚಿನ್ನಕ್ಕಿಂತ ಬೆಳ್ಳಿಗೆ ಜಾಸ್ತಿ.

ತಡೆಯಲು ಉಪಾಯವೂ ಎರಡು. ಕಣಗಳ ಮೇಲೆ ಒಂದೇ ಥರದ ಚಾರ್ಜ್ ಕೂರಿಸಿದರೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ಇಲ್ಲವಾದರೆ ಉದ್ದ ಸರಪಳಿಯ ಅಣುಗಳನ್ನು ಮೈತುಂಬ ಹೊದಿಸಬೇಕು. ಸಿಪ್ಪೆ ಸಹಿತ ಇರುವ ಎರಡು ತೆಂಗಿನಕಾಯಿಗಳನ್ನು ಎಷ್ಟು ಒತ್ತಿ ಹಿಡಿದರೂ ಒಳಗಿನ ಗೆರಟೆಗಳು ಒಂದಕ್ಕೊಂದು ತಾಗುವುದಿಲ್ಲ ಅಲ್ವಾ, ಹಾಗೆ. ಪಿ.ವಿ.ಪಿ. (ನೀರಿನಲ್ಲಿ ಕರಗುವ ಒಂದು ಪಾಲಿಮರ್), ಜೆಲಾಟಿನ್, ಗೋಂದು ಇವೆಲ್ಲ ಆ ಸಿಪ್ಪೆಯ ಕೆಲಸ ಮಾಡುತ್ತವೆ. ನಿಮ್ಮ ಪೇರಳೆ ಎಲೆಯಲ್ಲಿರುವ ಟ್ಯಾನಿನ್ ಮತ್ತಿತರ ಪದಾರ್ಥಗಳು ಬೆಳ್ಳಿಯನ್ನು ಹುಟ್ಟಿಸುವ ಕೆಲಸವನ್ನೂ ಹೊದಿಸುವ ಕೆಲಸವನ್ನೂ ಅಷ್ಟಿಷ್ಟು ಮಾಡುತ್ತವೆ. ಎರಡನೆಯದರಲ್ಲಿ ಅವುಗಳ ಮೇಲೆ ಪೂರ್ತಿ ಭರವಸೆ ಇಡುವ ಹಾಗಿಲ್ಲ.

ಇದೇನೂ ಹೊಸ ಕಥೆ ಅಲ್ಲ. 1857ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಚಿನ್ನದ ಲವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ನೀರು ಮಾಡಿದ್ದರು. ಉಪ್ಪು ಬಿದ್ದರೆ ಆ ಕೆಂಪು ನೀಲಿಗೆ ತಿರುಗುತ್ತದೆ ಅಂತಲೂ ಅವರೇ ಕಂಡುಕೊಂಡರು. ಜೆಲಾಟಿನ್ ಸೇರಿಸಿಟ್ಟರೆ ಹಾಗಾಗುವುದಿಲ್ಲ ಅಂತಲೂ ಗಮನಿಸಿದರು. ಅವರ ಬಾಟಲಿಗಳನ್ನು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಜೋಪಾನವಾಗಿ ಇಟ್ಟಿದ್ದಾರೆ. ಇವತ್ತು ಲ್ಯಾಬ್‌ಗಳಲ್ಲಿ ಜಾಸ್ತಿ ಬಳಸುವ ದಾರಿ 1951ರ ಟರ್ಕೆವಿಚ್ ವಿಧಾನ. ಕುದಿಯುವ ಚಿನ್ನದ ದ್ರಾವಣಕ್ಕೆ ಸಿಟ್ರೇಟ್ (ನಿಂಬೆ ಹುಳಿಯ ಲವಣ) ಹಾಕಿದರೆ 20 ನ್ಯಾನೋಮೀಟರ್ ಆಸುಪಾಸಿನ ಕಣ ಸಿಗುತ್ತದೆ. ಚಿನ್ನವನ್ನು ಹುಟ್ಟಿಸುವುದೂ ಸಿಟ್ರೇಟ್, ಮೈಮೇಲೆ ಕೂತು ಋಣ ಚಾರ್ಜ್ ಕೊಡುವುದೂ ಸಿಟ್ರೇಟ್. ಮೆಡಿಕಲ್‌ನಲ್ಲಿ ಸಿಗುವ ಪ್ರೆಗ್ನೆನ್ಸಿ ಟೆಸ್ಟ್ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಇಂಥ ಚಿನ್ನದ ಕಣಗಳದ್ದೇ.

ಇನ್ನು ನಿಮ್ಮ ಬಾಟಲಿಗೆ ಬರೋಣ. ನನ್ನ ಮೊದಲ ಅನುಮಾನ ನೀರಿನ ಮೇಲೆ. ಡಿಸ್ಟಿಲ್ಡ್ ನೀರು ಅಂತ ಕ್ಯಾನಿನ ಮೇಲೆ ಬರೆದಿದ್ದರೆ ಸಾಲದು. ಅದರಲ್ಲಿ ಸ್ವಲ್ಪ ತೆಗೆದು ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹಾಲಿನಂತೆ ಮಬ್ಬಾದರೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಇದೆ ಅಂತ ಲೆಕ್ಕ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿಗಳಿಗೆ ಉಪ್ಪು ಏರುವುದು ನಿಮಗೆ ಗೊತ್ತೇ ಇದೆ. ಆ ನೀರಿನಲ್ಲಿ ಗಾಜಿನ ಸಾಮಾನು ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸದೆ ಹಾಗೇ ಬಳಸಿದ್ದರೂ ಸಾಕು, ಕೆಲಸ ಕೆಡುತ್ತದೆ. ಎರಡನೆಯದು ತೊಳೆಯುವ ಚಟ. ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ ತಳಕ್ಕಿಳಿಸಿ) ಮತ್ತೆ ಮತ್ತೆ ತೊಳೆದರೆ ಹೊದಿಕೆಯೂ ನೀರಿನ ಜೊತೆ ಹೋಗುತ್ತದೆ. ಮೂರನೆಯದು ಕಷಾಯ. ಸೋಸದ ಕಷಾಯದಲ್ಲಿ ಎಲೆಯ ಚೂರು ಇರುತ್ತದೆ, ಕೆಲವೇ ದಿನಕ್ಕೆ ಬೂಷ್ಟು ಬರುತ್ತದೆ. ಸೋಸಿ, ಅವತ್ತಿನದ್ದನ್ನು ಅವತ್ತೇ ಬಳಸಿ. ಹಾಕುವಾಗ ಜೋರಾಗಿ ಕಲಕುತ್ತಾ ಒಂದೇ ಸಲ ಹಾಕಿ. ಹನಿಹನಿಯಾಗಿ ಬಿಟ್ಟರೆ ಮೊದಲು ಹುಟ್ಟಿದವು ದೊಡ್ಡದಾಗುವ ಹೊತ್ತಿಗೆ ಹೊಸತು ಹುಟ್ಟುತ್ತಾ ಇರುತ್ತವೆ. ಗಾತ್ರ ಏರುಪೇರಾದರೆ ನಾನು ಹೇಳಿದ ಆ ರೈಪನಿಂಗ್‌ಗೆ ದಾರಿ ಮಾಡಿಕೊಟ್ಟ ಹಾಗೆ. ಎಲ್ಲ ಒಟ್ಟಿಗೆ ಹುಟ್ಟಬೇಕು, ಆಮೇಲೆ ಒಟ್ಟಿಗೆ ಬೆಳೆಯಬೇಕು. ಇದನ್ನು 1950ರಲ್ಲಿ ಲಾಮರ್ ಮತ್ತು ಡೈನ್‌ಗರ್ ಗಂಧಕದ ಕಣಗಳ ಮೇಲೆ ಕೆಲಸ ಮಾಡುತ್ತಾ ವಿವರಿಸಿದ್ದಾರೆ.

ಕಂದು ಬಣ್ಣದ ಬಾಟಲಿಯಲ್ಲಿ, ಬಾಯಿತನಕ ತುಂಬಿ, ಕತ್ತಲಲ್ಲಿ ಇಡಿ. ಅರ್ಧ ಪಾಲಿಗೆ ಪಿ.ವಿ.ಪಿ. ಹಾಕಿ, ಇನ್ನರ್ಧಕ್ಕೆ ಹಾಕಬೇಡಿ. ದಿನಾ ಯು.ವಿ. ಸ್ಪೆಕ್ಟ್ರಮ್, ಅಂದರೆ ಯಾವ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂಬ ಗ್ರಾಫ್, ತೆಗೆಯಿರಿ. ಬೆಳಕಿನ ತರಂಗಾಂತರ 400ರಿಂದ 450 ನ್ಯಾನೋಮೀಟರ್ ಇರುವಲ್ಲಿ ನಿಮಗೊಂದು ಶಿಖರ ಕಾಣುತ್ತದೆ. ಅದು ತಗ್ಗಿ, ಅಗಲವಾಗಿ, ಬಲಕ್ಕೆ ಬಾಲ ಚಾಚಲು ಶುರುವಾದರೆ ಗಂಟು ಕಟ್ಟುತ್ತಿದೆ ಅಂತ ತಿಳಿಯಿರಿ. ಕಣ್ಣಿಗೆ ಕಾಣುವ ಮೊದಲೇ ಗ್ರಾಫಿನಲ್ಲಿ ಗೊತ್ತಾಗುತ್ತದೆ. ಎರಡೂ ಬಾಟಲಿಯ ಗ್ರಾಫನ್ನು ಪಕ್ಕಪಕ್ಕ ಹಾಕಿದರೆ ಅದೇ ಒಳ್ಳೆಯ ಪ್ರಾಜೆಕ್ಟ್. ಕೆಟ್ಟುಹೋದದ್ದನ್ನು ಚೆಲ್ಲಿ ಸುಮ್ನೆ ಕೂರಬೇಡಿ, ಅದನ್ನೂ ವರದಿಯಲ್ಲಿ ಬರೆಯಿರಿ.

ಇನ್ನೊಂದು ಮಾತು. ಗಾತ್ರ ಅಳೆಯಲು ಡಿ.ಎಲ್.ಎಸ್. ಯಂತ್ರಕ್ಕೆ (ಕಣಗಳು ಚದುರಿಸುವ ಬೆಳಕು ನೋಡಿ ಗಾತ್ರ ಹೇಳುವಂಥದ್ದು) ಕಳಿಸುವುದಾದರೆ ಮೊದಲು ಸೋಸಿ ಧೂಳು ತೆಗೆಯಿರಿ. ಕಣ ಚದುರಿಸುವ ಬೆಳಕು ಅದರ ಅಗಲದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 100 ನ್ಯಾನೋಮೀಟರಿನ ಒಂದು ಕಣ, 10 ನ್ಯಾನೋಮೀಟರಿನ ಕಣಕ್ಕಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಹೊಳೆಯುತ್ತದೆ. ನಾಲ್ಕು ಧೂಳಿನ ಕಣ ಇದ್ದರೆ ಯಂತ್ರಕ್ಕೆ ನಿಮ್ಮ ಬೆಳ್ಳಿ ಕಾಣುವುದೇ ಇಲ್ಲ.

ಪ್ರಶ್ನೆ: ಮಿಕ್ಸಿಯಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಅರಸಿನ ನ್ಯಾನೋ ಹುಡಿ ಆಗುತ್ತದಾ?
– ಗೃಹಿಣಿ, ಮೂಡುಬಿದಿರೆ

ಉತ್ತರ: ಇಲ್ಲ. ಮಿಕ್ಸಿ ಸುಡುತ್ತದೆ.

ಪ್ರಶ್ನೆ: ಮಲ್ಪೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೀನುಗಾರಿಕೆ ರಜೆಯ ಹೊತ್ತಿಗೆ ಬೋಟಿನವರು ಪೇಂಟ್ ಒಯ್ಯುತ್ತಾರೆ. ಕೆಲವು ಡಬ್ಬಿ ತೆರೆದರೆ ಬಣ್ಣ ತಳದಲ್ಲಿ ಕಲ್ಲಾಗಿರುತ್ತದೆ, ಕೋಲು ಹಾಕಿದರೂ ಏಳುವುದಿಲ್ಲ. ಇನ್ನು ಕೆಲವು ಎರಡು ಸಲ ತಿರುವಿದರೆ ಸರಿಯಾಗುತ್ತವೆ. ಗಟ್ಟಿಯಾದದ್ದು ಕಳಪೆ ಮಾಲು ಅಂತ ಜಗಳ ಮಾಡುತ್ತಾರೆ. ಹೌದಾ?
– ಅಂಗಡಿ ಮಾಲೀಕರು, ಮಲ್ಪೆ

ಉತ್ತರ: ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಪೇಂಟ್ ಕಾರ್ಖಾನೆಯಲ್ಲಿ ಬಣ್ಣದ ಹುಡಿಯನ್ನು ಹೊಸದಾಗಿ ಪುಡಿಗಟ್ಟುವುದು ಅಂತ ಜನ ತಿಳಿಯುತ್ತಾರೆ. ಅಲ್ಲ. ಬಿಳಿ ಬಣ್ಣದ ಟೈಟಾನಿಯಂ ಡಯಾಕ್ಸೈಡ್ ಚೀಲದಲ್ಲಿ ಬರುವಾಗಲೇ ಅದರ ಕಣ ಕಾಲು ಮೈಕ್ರಾನ್ ಆಸುಪಾಸು ಇರುತ್ತದೆ. ಬೆಳಕನ್ನು ಚದುರಿಸಿ ಗೋಡೆ ಮುಚ್ಚಲು ಆ ಗಾತ್ರವೇ ಸರಿ. ಅದನ್ನೇ 20 ನ್ಯಾನೋಮೀಟರ್ ಮಾಡಿದರೆ ಬಿಳಿ ಹೋಗಿ ಪಾರದರ್ಶಕ ಆಗುತ್ತದೆ. ಸನ್‌ಸ್ಕ್ರೀನ್‌ಗೆ ಅದು ಬೇಕು, ಗೋಡೆಗೆ ಬೇಡ. ನ್ಯಾನೋ ಅಂದ ಮಾತ್ರಕ್ಕೆ ಎಲ್ಲದಕ್ಕೂ ಒಳ್ಳೆಯದು ಅಂತಿಲ್ಲ. ಚೀಲದಲ್ಲಿ ಆ ಕಣಗಳು ಗಂಟುಗಂಟಾಗಿ ಕೂತಿರುತ್ತವೆ. ಬೀಡ್ ಮಿಲ್‌ನಲ್ಲಿ ಸಣ್ಣ ಮಣಿಗಳ ನಡುವೆ ಎಣ್ಣೆ, ರೆಸಿನ್ ಜೊತೆ ತಿರುಗಿಸುವುದು ಆ ಗಂಟು ಬಿಡಿಸಲು. ಬಿಡಿಸಿದ ಕೂಡಲೇ ಮೈಮೇಲೆ ಡಿಸ್ಪರ್ಸಿಂಗ್ ಏಜೆಂಟ್, ಅಂದರೆ ಕಣಗಳನ್ನು ಬಿಡಿಬಿಡಿಯಾಗಿ ಇಡುವ ಪದಾರ್ಥ, ಹೋಗಿ ಕೂರಬೇಕು. ಅದು ಕಡಿಮೆ ಬಿದ್ದರೆ ಮಿಲ್ ರಾತ್ರಿಯಿಡೀ ಓಡಿದರೂ ಗಂಟು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಕಟ್ಟುತ್ತದೆ. ಕರೆಂಟ್ ಬಿಲ್ ಏರುತ್ತದೆ, ಮಾಲು ಬಿಸಿಯಾಗುತ್ತದೆ, ಮಣಿ ಸವೆದು ಅದರ ಹುಡಿ ಪೇಂಟಿಗೆ ಸೇರುತ್ತದೆ.

ಗಂಟು ಬಿಟ್ಟಿತೋ ಇಲ್ಲವೋ ನೋಡಲು ಹೆಗ್‌ಮನ್ ಗೇಜ್ ಅಂತ ಒಂದು ಉಕ್ಕಿನ ತುಂಡು ಇರುತ್ತದೆ. ಅಂಗೈ ಉದ್ದಕ್ಕಿಂತ ಸ್ವಲ್ಪ ಜಾಸ್ತಿ. ಅದರ ಮೇಲೆ ಉದ್ದಕ್ಕೆ ಒಂದು ಚಡಿ. ಒಂದು ತುದಿಯಲ್ಲಿ ಆಳ 100 ಮೈಕ್ರಾನ್, ಇನ್ನೊಂದು ತುದಿಗೆ ಬರುವಾಗ ಸೊನ್ನೆ. ಆಳದ ಬದಿಗೆ ಎರಡು ಹನಿ ಪೇಂಟ್ ಬಿಟ್ಟು, ಚಪ್ಪಟೆ ಅಲಗನ್ನು ನೆಟ್ಟಗೆ ಹಿಡಿದು, ಒಂದೇ ಎಳೆತಕ್ಕೆ ತನ್ನ ಕಡೆ ಎಳೆಯಬೇಕು. ತಡಮಾಡದೆ ಕಿಟಕಿಯ ಕಡೆ ಓರೆಯಾಗಿ ಹಿಡಿದು ನೋಡಬೇಕು. ಚಡಿಯ ಆಳಕ್ಕಿಂತ ದಪ್ಪ ಇರುವ ಗಂಟುಗಳು ಚುಕ್ಕಿಚುಕ್ಕಿಯಾಗಿ ಎದ್ದು ಕಾಣುತ್ತವೆ, ಕೆಲವು ಗೆರೆ ಎಳೆಯುತ್ತವೆ. ಚುಕ್ಕಿ ಎಲ್ಲಿ ಒತ್ತಾಗಿ ಶುರುವಾಗುತ್ತದೋ ಅಲ್ಲಿನ ಅಂಕಿ ಓದಿಕೊಳ್ಳುವುದು. ಒಂದು ಕ್ಷಣ ತಡವಾದರೆ ಥಿನ್ನರ್ ಆರಿ ಎಲ್ಲೆಲ್ಲೂ ಚುಕ್ಕಿ ಕಂಡೀತು. ಇಷ್ಟು ಸರಳ ಸಾಧನ ಇವತ್ತಿಗೂ ಲ್ಯಾಬಿನ ಮೇಜಿನ ಮೇಲೆ ಇದೆ.

ಈಗ ನಿಮ್ಮ ಡಬ್ಬಿ. ಇಲ್ಲಿ ಒಂದು ತಿರುವು ಇದೆ. ಕಣಗಳು ಪೂರ್ತಿ ಬಿಡಿಬಿಡಿಯಾಗಿದ್ದು, ಒಂದನ್ನೊಂದು ದೂರ ತಳ್ಳುತ್ತಾ ಇದ್ದರೆ ಅವು ನಿಧಾನಕ್ಕೆ ಇಳಿಯುತ್ತವೆ. ತಳ ಮುಟ್ಟಿದ ಮೇಲೆ ಒಂದರ ಪಕ್ಕ ಒಂದು ಜಾರಿ, ಸಂದು ಬಿಡದೆ ಜೋಡಿಸಿಕೊಳ್ಳುತ್ತವೆ. ಅದೇ ನಿಮ್ಮ ಕಲ್ಲು. ಕಣಗಳು ಸಡಿಲವಾಗಿ ಒಂದನ್ನೊಂದು ಹಿಡಿದುಕೊಂಡಿದ್ದರೆ ಬೇಗ ಇಳಿಯುತ್ತವೆ, ಆದರೆ ತಳದಲ್ಲಿ ಉಬ್ಬಿದ ಮೆತ್ತನೆಯ ಪದರ ಆಗುತ್ತದೆ. ಕೋಲು ತಿರುವಿದರೆ ಎದ್ದು ಬರುತ್ತದೆ. ಅಂದರೆ ಗಟ್ಟಿಯಾದದ್ದು ಚೆನ್ನಾಗಿ ಅರೆದ ಮಾಲೇ ಇರಬಹುದು. ಅರೆತ ಚೆನ್ನಾಗಿದ್ದು, ಹಿಡಿದು ನಿಲ್ಲಿಸುವ ವ್ಯವಸ್ಥೆ ಇಲ್ಲ ಅಷ್ಟೇ. ಅದಕ್ಕೆ ಬೆಂಟೊನೈಟ್ ಜಾತಿಯ ಜೇಡಿಯನ್ನು ಚೂರು ಸೇರಿಸುತ್ತಾರೆ. ಡಬ್ಬಿ ಸುಮ್ಮನೆ ಇದ್ದಾಗ ಅದು ಒಳಗೆ ಜಾಲರಿ ಕಟ್ಟಿ ಕಣಗಳನ್ನು ಎತ್ತಿ ಹಿಡಿಯುತ್ತದೆ. ಬ್ರಷ್ ತಾಗಿದಾಗ ಜಾಲರಿ ಮುರಿದು ಪೇಂಟ್ ತೆಳುವಾಗುತ್ತದೆ. ಮಕ್ಕಳ ಔಷಧಿ ಬಾಟಲಿಯ ಮೇಲೆ ಕುಲುಕಿ ಬಳಸಿ ಅಂತ ಬರೆದಿರುತ್ತಾರಲ್ಲ, ಅಲ್ಲೂ ಎಷ್ಟೋ ಸಲ ಕಣಗಳನ್ನು ಬೇಕೆಂದೇ ಸಡಿಲವಾಗಿ ಅಂಟಿಸಿರುತ್ತಾರೆ. ತಳದಲ್ಲಿ ಗಟ್ಟಿಯಾದರೆ ಮೇಲಿನ ಚಮಚಕ್ಕೆ ಔಷಧಿಯೇ ಸಿಗುವುದಿಲ್ಲ, ಕೊನೆಯ ಚಮಚಕ್ಕೆ ಹೆಚ್ಚಾಗಿ ಸಿಗುತ್ತದೆ.

ರೆಡ್ ಆಕ್ಸೈಡ್ ಪ್ರೈಮರ್‌ನ ಹುಡಿ ನೀರಿಗಿಂತ ಸುಮಾರು ಐದು ಪಟ್ಟು ಭಾರ. ಬೇಗ ತಳ ಹಿಡಿಯುತ್ತದೆ. ಸ್ಟಾಕ್ ಇಟ್ಟ ಡಬ್ಬಿಗಳನ್ನು ಆಗಾಗ ತಲೆಕೆಳಗು ಮಾಡಿ ಇಡಿ. ಹಳೆಯದನ್ನು ಮೊದಲು ಮಾರಿ. ಗಟ್ಟಿಯಾದದ್ದನ್ನು ಏಳಿಸಬೇಕಾದರೆ ಮೇಲಿನ ತೆಳು ದ್ರವವನ್ನು ಬೇರೆ ಡಬ್ಬಿಗೆ ಬಸಿದು, ತಳವನ್ನು ಚಪ್ಪಟೆ ಕೋಲಿನಲ್ಲಿ ಕೆರೆದು ಮೆತ್ತಗೆ ಮಾಡಿ, ಆಮೇಲೆ ದ್ರವವನ್ನು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ. ಮೊದಲೇ ಥಿನ್ನರ್ ಸುರಿಯಬೇಡಿ.

ಪ್ರಶ್ನೆ: ಬಕೆಟಿನ ನೀರಿಗೆ ಡೆಟಾಲ್ ಹಾಕಿದಾಗ ಯಾಕೆ ಬೆಳ್ಳಗಾಗುತ್ತದೆ? ಬಾಟಲಿಯಲ್ಲಿ ಅದು ಬೆಳ್ಳಗಿಲ್ಲ, ನೀರೂ ಬೆಳ್ಳಗಿಲ್ಲ.
– 9ನೇ ತರಗತಿ, ಕಿನ್ನಿಗೋಳಿ

ಉತ್ತರ: ಒಳ್ಳೆಯ ಪ್ರಶ್ನೆ ಪುಟ್ಟಾ. ಬಾಟಲಿಯಲ್ಲಿ ಎಣ್ಣೆಯಂಥ ಪದಾರ್ಥಗಳು ಆಲ್ಕೋಹಾಲ್ ಮತ್ತು ಸೋಪಿನಲ್ಲಿ ಕರಗಿಕೊಂಡಿವೆ. ನೀರಿಗೆ ಬಿದ್ದ ಕೂಡಲೇ ಆಲ್ಕೋಹಾಲ್ ನೀರಿನ ಜೊತೆ ಹೋಗುತ್ತದೆ. ಎಣ್ಣೆಗೆ ಕರಗಿರಲು ಜಾಗವೇ ಇಲ್ಲದಂತಾಗಿ, ಒಂದೇ ಕ್ಷಣದಲ್ಲಿ ಕೋಟಿಗಟ್ಟಲೆ ಸಣ್ಣ ಹನಿಗಳಾಗುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ಸೋಪು ಹನಿಗಳ ಮೈಮೇಲೆ ಕೂತು ಅವು ಸೇರಿಕೊಳ್ಳದಂತೆ ತಡೆಯುತ್ತದೆ. ಯಂತ್ರ ಇಲ್ಲ, ಅರೆಯುವುದಿಲ್ಲ, ಸುಮ್ನೆ ಹೊಯ್ದರೆ ಆಯಿತು.

ಇದೇ ಉಪಾಯದಿಂದ ಔಷಧಿಯ ನ್ಯಾನೋ ಕಣವನ್ನೂ ಮಾಡುತ್ತಾರೆ. ಕೋವಿಡ್‌ನ ಎಂ.ಆರ್.ಎನ್.ಎ. ಲಸಿಕೆಯಲ್ಲಿ ಆಲ್ಕೋಹಾಲ್‌ನಲ್ಲಿ ಕರಗಿಸಿದ ಕೊಬ್ಬನ್ನು ನೀರಿನ ದ್ರಾವಣದ ಜೊತೆ ರಭಸದಿಂದ ಕೂಡಿಸಿದರು. ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಉಂಡೆಗಳಾದವು, ಲಸಿಕೆಯ ಸಾಮಾನು ಅದರೊಳಗೆ. ಎಷ್ಟು ಬೇಗ ಕೂಡುತ್ತದೋ ಅಷ್ಟು ಸಣ್ಣ ಉಂಡೆ. ನೀನು ಮನೆಯಲ್ಲಿ ಅಮ್ಮನನ್ನು ಕೇಳಿ, ಒಂದು ಲೋಟ ನೀರಿಗೆ ಎರಡೇ ಹನಿ ಹಾಕಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡು. ಪಕ್ಕದಿಂದ ಸ್ವಲ್ಪ ನೀಲಿ ಛಾಯೆ ಕಾಣಬಹುದು. ಆಮೇಲೆ ಲೋಟ ಚೆನ್ನಾಗಿ ತೊಳೆದಿಡು.

ಪ್ರಶ್ನೆ: ಕಾಯಿಹಾಲು ಪ್ಯಾಕೆಟ್ ಮಾಡಿ ಮಾರಬೇಕೆಂದಿದ್ದೇವೆ. ಮರುದಿನ ಮೇಲೆ ಕೆನೆ, ಕೆಳಗೆ ನೀರು. ಫ್ರಿಜ್‌ನಲ್ಲಿಟ್ಟು ತೆಗೆದರೆ ಎಣ್ಣೆ ತೇಲುತ್ತದೆ.
– ಸ್ವಸಹಾಯ ಸಂಘದ ಸದಸ್ಯೆ, ಕಾರ್ಕಳ

ಉತ್ತರ: ಅಕ್ಕಾ, ಎರಡೂ ಬೇರೆ ಬೇರೆ ತೊಂದರೆ. ಕೆನೆ ಮೇಲೇರುವುದು ಕೊಬ್ಬಿನ ಹನಿ ದೊಡ್ಡದಿರುವುದರಿಂದ. ಹನಿಯ ಅಗಲ ಅರ್ಧ ಮಾಡಿದರೆ ಮೇಲೇರುವ ವೇಗ ಕಾಲು ಪಾಲಿಗೆ ಇಳಿಯುತ್ತದೆ. ಅದಕ್ಕೇ ಡೈರಿಗಳಲ್ಲಿ ಹೋಮೋಜಿನೈಸರ್ ಇರುತ್ತದೆ. 150–200 ಬಾರ್ ಒತ್ತಡದಲ್ಲಿ ಹಾಲನ್ನು ಸಣ್ಣ ಸಂದಿಯಲ್ಲಿ ನುಗ್ಗಿಸಿ ಹನಿಗಳನ್ನು ಒಂದು ಮೈಕ್ರಾನಿಗಿಂತ ಕೆಳಗೆ ತರುತ್ತಾರೆ. ಮಿಕ್ಸಿಯಿಂದ ಅಷ್ಟು ಆಗುವುದಿಲ್ಲ. ಹನಿ ಒಡೆದಾಗ ಹೊಸ ಮೈ ಹುಟ್ಟುತ್ತದೆ, ಅದನ್ನು ಹೊದಿಸಲು ಕಾಯಿಹಾಲಿನ ಪ್ರೋಟೀನ್ ಒಂದೇ ಸಾಲುವುದಿಲ್ಲ. ಎಮಲ್ಸಿಫೈಯರ್, ಅಂದರೆ ಹನಿಗಳು ಸೇರಿಕೊಳ್ಳದಂತೆ ತಡೆಯುವ ಪದಾರ್ಥ, ಬೇಕು. ಜೊತೆಗೆ ಗೋರಿಕಾಯಿ ಬೀಜದ ಗೋಂದು, ಅಂದರೆ ಗೌರ್ ಗಮ್, ಸ್ವಲ್ಪ ಸೇರಿಸಿದರೆ ದಪ್ಪವಾಗಿ ಕೆನೆ ಏರುವುದು ಇನ್ನೂ ನಿಧಾನ. ಯಾವುದನ್ನು ಎಷ್ಟು ಹಾಕಬಹುದು ಅಂತ ಎಫ್.ಎಸ್.ಎಸ್.ಎ.ಐ. (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ನೋಡಿಯೇ ಹಾಕಿ.

ಫ್ರಿಜ್ ವಿಷಯ ಬೇರೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಹನಿಯೊಳಗಿನ ಕೊಬ್ಬು ಹರಳಾಗಿ ಚುಚ್ಚಿ ಹೊದಿಕೆ ಹರಿಯುತ್ತದೆ, ಪಕ್ಕದ ಹನಿಗೆ ಕೊಂಡಿ ಹಾಕುತ್ತದೆ. ಹೊರಗೆ ತೆಗೆದಾಗ ಕರಗಿ ಎಲ್ಲ ಒಂದಾಗುತ್ತದೆ. ಒಮ್ಮೆ ಹಾಗೆ ಎಣ್ಣೆ ಬಿಟ್ಟರೆ ಕಲಕಿ ಪ್ರಯೋಜನ ಇಲ್ಲ. ಕುದಿಸುವುದೂ ಅಷ್ಟೇ. 80 ಡಿಗ್ರಿಯ ಆಸುಪಾಸಿನಲ್ಲಿ ಪ್ರೋಟೀನ್ ಗಟ್ಟಿಯಾಗುತ್ತದೆ. ಕಾಯಿಹಾಲು ಹಾಕಿದ ಮೇಲೆ ಪಾಯಸ ಕುದಿಸಬಾರದು ಅಂತ ನಮ್ಮ ಅಡುಗೆಯವರಿಗೆ ಯಾರೂ ಕೆಮಿಸ್ಟ್ರಿ ಹೇಳಿಕೊಡಬೇಕಾಗಿಲ್ಲ. ಹೋಮೋಜಿನೈಸರ್ ಈಗಲೇ ಖರೀದಿಸಬೇಡಿ. ಮೊದಲು ಎಲ್ಲಾದರೂ ಬಾಡಿಗೆಗೆ ಒಂದು ಬ್ಯಾಚ್ ಮಾಡಿಸಿ, ಸಾಮಾನ್ಯ ಗಾಜಿನ ಬಾಟಲಿಯಲ್ಲಿಟ್ಟು ಕೆಲವು ವಾರ ನೋಡಿ.

ಪ್ರಶ್ನೆ: ಆಯುರ್ವೇದದ ಭಸ್ಮಗಳು ನಮ್ಮ ಪ್ರಾಚೀನ ನ್ಯಾನೋ ತಂತ್ರಜ್ಞಾನ ಎನ್ನುತ್ತಾರೆ. ಒಳ್ಳೆಯ ಭಸ್ಮ ನೀರಿನ ಮೇಲೆ ತೇಲುತ್ತದೆ, ಬೆರಳಿನ ಗೆರೆಯಲ್ಲಿ ಕೂರುತ್ತದೆ. ಇದೇ ಸಾಕ್ಷಿಯಲ್ಲವೇ?
– ಹಿರಿಯ ಓದುಗರು, ಉಡುಪಿ

ಉತ್ತರ: ತೇಲುವುದಕ್ಕೆ ವಾರಿತರ, ಗೆರೆ ತುಂಬುವುದಕ್ಕೆ ರೇಖಾಪೂರ್ಣ ಎಂದು ಶಾಸ್ತ್ರದಲ್ಲೇ ಪರೀಕ್ಷೆ ಇದೆ. ಉಪಕರಣ ಇಲ್ಲದ ಕಾಲಕ್ಕೆ ಬಹಳ ಜಾಣ ಪರೀಕ್ಷೆಗಳು. ಆದರೆ ಅವು ಹುಡಿ ನುಣುಪಾಗಿದೆ ಎಂದು ಹೇಳುತ್ತವೆ, ನ್ಯಾನೋ ಎಂದು ಹೇಳುವುದಿಲ್ಲ. ಟಾಲ್ಕಮ್ ಪೌಡರೂ ನೀರಿನ ಮೇಲೆ ತೇಲುತ್ತದೆ, ಅದರ ಕಣ ಕೆಲವು ಮೈಕ್ರಾನ್. ತೇಲಿಸುವುದು ನೀರಿನ ಮೇಲ್ಮೈಯ ಎಳೆತ. ಎಕ್ಸ್‌ರೇ ಪರೀಕ್ಷೆಯಲ್ಲಿ 50 ನ್ಯಾನೋಮೀಟರ್ ಅಂತ ಬಂದರೂ ಅದು ಒಳಗಿನ ಹರಳಿನ ಗಾತ್ರ. ಅಂಥ ಸಾವಿರಾರು ಹರಳು ಬೆಸೆದುಕೊಂಡು ಒಂದು ದೊಡ್ಡ ಕಣ ಆಗಿರಬಹುದು. ಪುಟ ಕೊಡುವಾಗ, ಅಂದರೆ ಬೆಂಕಿಯಲ್ಲಿ ಸುಡುವಾಗ, ಅಷ್ಟು ಬಿಸಿಗೆ ಹಾಗೆ ಬೆಸೆಯುವುದು ಸಹಜ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಮಾತ್ರ ಖಾತ್ರಿ. ಪಾದರಸ, ಸೀಸ ಇರುವ ಭಸ್ಮಗಳನ್ನು ವೈದ್ಯರನ್ನು ಕೇಳದೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಪ್ರಶ್ನೆ: ಅಣ್ಣಾ, ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಹರಿಯುತ್ತದೆ. ಅಳಿವೆ ದಾಟಿ ಹೊರಗೆ ಹೋದರೆ ಒಂದು ಕಡೆಯಿಂದ ನೀರು ತಿಳಿ. ಅಷ್ಟು ಮಣ್ಣು ಎಲ್ಲಿ ಹೋಗುತ್ತದೆ?
– ಬೋಟ್ ಕೆಲಸದವರು, ಬೆಂಗ್ರೆ

ಉತ್ತರ: ನೀರು ಹರಡಿ ತೆಳುವಾಗುವುದು ಒಂದು ಕಾರಣ. ಉಪ್ಪು ಇನ್ನೊಂದು. ನದಿಯ ಜೇಡಿ ಕಣಗಳ ಮೇಲೆ ಋಣ ಚಾರ್ಜ್ ಇರುತ್ತದೆ, ಒಂದನ್ನೊಂದು ತಳ್ಳುತ್ತವೆ. ಒಂದು ಮೈಕ್ರಾನಿನ ಕಣ ನಿಂತ ನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಹತ್ತು ಮೈಕ್ರಾನಿನದ್ದಕ್ಕೆ ಕಾಲು ಗಂಟೆ ಸಾಕು. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದು ಸೇರಿದ ಕೂಡಲೇ ಈ ತಳ್ಳಾಟ ಕುಂದುತ್ತದೆ. ಸಿಹಿ ನೀರಿನಲ್ಲಿ ಹತ್ತು ನ್ಯಾನೋಮೀಟರ್ ದೂರದವರೆಗೆ ಇದ್ದ ಚಾರ್ಜಿನ ಪ್ರಭಾವ ಅಲ್ಲಿ ಅರ್ಧ ನ್ಯಾನೋಮೀಟರಿಗೂ ಎಟುಕುವುದಿಲ್ಲ. ಕಣಗಳು ತಾಗಿ, ಅಂಟಿ, ದೊಡ್ಡದಾಗಿ ಇಳಿದುಬಿಡುತ್ತವೆ. ಅಳಿವೆ ಬಾಗಿಲಿನ ಮರಳ ದಿಬ್ಬಕ್ಕೆ ಇದು ಕಾರಣ ಅಲ್ಲ, ಅದು ತೆರೆಯ ಕೆಲಸ. ಕಾಲು ಹೂತುಹೋಗುವ ನುಣ್ಣನೆಯ ಕೆಸರು ಇದೆಯಲ್ಲ, ಅದರಲ್ಲಿ ಉಪ್ಪಿನ ಕೈವಾಡ ಬಹಳ.

ಮಣ್ಣು ನೀರಿಗೆ ಪಟಿಕ, ಅಂದರೆ ಆಲಂ, ಹಾಕುವುದೂ ಇದೇ ದಾರಿ. ಅಲ್ಯೂಮಿನಿಯಂಗೆ ಮೂರು ಚಾರ್ಜ್. ಲೆಕ್ಕದ ಪ್ರಕಾರ ಒಂದು ಚಾರ್ಜಿನ ಉಪ್ಪು 729 ಪಾಲು ಬೇಕಾದಲ್ಲಿ ಮೂರು ಚಾರ್ಜಿನದ್ದು ಒಂದೇ ಪಾಲು ಸಾಕು. ಜೊತೆಗೆ ಅದು ಹತ್ತಿಯಂಥ ಗಸಿಯಾಗಿ ಮಣ್ಣನ್ನು ಬಾಚಿಕೊಂಡು ಇಳಿಯುತ್ತದೆ. ಹಾಗಂತ ಬಾವಿಗೆ ಬೇಕಾಬಿಟ್ಟಿ ಸುರಿಯಬೇಡಿ. ಜಾಸ್ತಿಯಾದರೆ ಕಣಗಳ ಮೇಲೆ ತಿರುಗಾ ಧನ ಚಾರ್ಜ್ ಕೂತು, ಮತ್ತೆ ತಳ್ಳಾಟ ಶುರುವಾಗಿ ನೀರು ಕದಡಿಯೇ ಉಳಿಯುತ್ತದೆ.

ಪ್ರಶ್ನೆ: ಬೆಳ್ಳಿಯ ನ್ಯಾನೋ ನೀರು ಕುಡಿದರೆ ರೋಗ ನಿರೋಧಕ ಶಕ್ತಿ ಬರುತ್ತದೆ ಅಂತ ಒಂದು ಬಾಟಲಿ ಮಾರುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
– ಓದುಗರು, ಸುರತ್ಕಲ್

ಉತ್ತರ: ಬೇಡ. ಗಾಯದ ಪಟ್ಟಿಯಲ್ಲಿ ಬೆಳ್ಳಿ ಹಾಕುವುದು ಬೇರೆ, ಕುಡಿಯುವುದು ಬೇರೆ. ತುಂಬಾ ಕಾಲ ಕುಡಿದರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ಬೂದು ನೀಲಿಯಾಗುತ್ತದೆ. ಅದಕ್ಕೆ ಆರ್ಜೀರಿಯಾ ಅಂತ ಹೆಸರು. ಆ ಬಣ್ಣ ಸಾಮಾನ್ಯವಾಗಿ ವಾಪಸ್ ಹೋಗುವುದಿಲ್ಲ. ದುಡ್ಡು ಇನ್ನೂ ಕೊಟ್ಟಿಲ್ಲ ಅಂದರೆ ಕೊಡಬೇಡಿ.